ಉಪ್ಪಿನ ಆಗರದಲ್ಲಿ ಆರ್ಟೀಮಿಯಾ: ಮಾಡಿದವರು ತಿಳಿಸಿ

ಅಂಕೋಲೆಯವ: ತೂತ್ತುಕುಡಿಯಲ್ಲಿ ನನ್ನ ಭಾವನ ಆಗರವಿದೆ. ಎರಡು ಎಕರೆಯಲ್ಲಿ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಬಿಟ್ಟು, ಅದರ ಸಿಸ್ಟ್ ಅಂದರೆ ಒಣಗಿಸಿಡಬಹುದಾದ ಮೊಟ್ಟೆಯನ್ನು ಸಿಗಡಿ ಹ್ಯಾಚರಿಗಳಿಗೆ (ಮರಿ ಮಾಡುವ ಕೇಂದ್ರಗಳಿಗೆ) ಮಾರುವ ಆಲೋಚನೆ. ಅದು ಒಡೆದು ಬರುವ ಮರಿಯೇ ಅಲ್ಲಿ ಸಿಗಡಿ ಲಾರ್ವಾಗಳ ಆಹಾರ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ಬತ್ತಿ ಉಪ್ಪೇರುತ್ತಿದೆ, ಅಲ್ಲಿಂದ ಬರುವ ಸಿಸ್ಟ್ ಡಬ್ಬಿ ಮುಂದೆ ದುಬಾರಿಯಾದೀತು ಎನ್ನುತ್ತಾರೆ. ಎರಡು ಎಕರೆ ಸಾಕೇ?

ಬದು ಕಟ್ಟಿದವ: ಖರ್ಚು ಕೇಳಿ. ಬದು ಎತ್ತರಿಸಲು 68,000. ಪಂಪಿನ ಡೀಸೆಲ್ 31,500. ಹೊಂಡದಲ್ಲಿ ಪಾಚಿ ಬೆಳೆಯಲು ಕೋಳಿಗೊಬ್ಬರ 9,200, ಅದನ್ನು ತಂದ ಲಾರಿ ಬಾಡಿಗೆ 11,000! ನೀರಿನ ಉಪ್ಪು 100 ಪಿಪಿಟಿ (ಸಾವಿರ ಭಾಗಕ್ಕೆ 100 ಭಾಗ) ದಾಟಿದ ಮೇಲೆ ಆರ್ಟೀಮಿಯಾ ತಿನ್ನುವ ಮೀನಿನ ಕಾಟ ತಪ್ಪಿತು, ಹೊಂಡ ಕೆಂಪಾಯಿತು. ಸಿಸ್ಟ್ ತೇಲಿ ಗಾಳಿಗೆ ಮೂಲೆ ಸೇರತೊಡಗಿತು. ಅಷ್ಟರಲ್ಲಿ ಹಿಂಗಾರು. ದಡದಲ್ಲಿ ಒಣಗಿದ್ದುದೆಲ್ಲ ಮಳೆನೀರಿನಲ್ಲಿ ನೆನೆದು ಒಡೆದು, ಮರಿಗಳು ಅಲ್ಲೇ ಸತ್ತವು. ಗುತ್ತಿಗೆದಾರ ಇಂದಿಗೂ 6,000 ಬಾಕಿ ಎನ್ನುತ್ತಾನೆ. ಬದು ಒಡೆದದ್ದು ಅವನ ಕೆಲಸದಿಂದಲೇ.

ಹ್ಯಾಚರಿ ನಡೆಸುವವ: ನಾನು ಆಮದು ಡಬ್ಬಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. 28 ಡಿಗ್ರಿ, 30 ಪಿಪಿಟಿ, ಬೆಳಕು, ಗಾಳಿ ಕೊಟ್ಟರೆ 24 ಗಂಟೆಯಲ್ಲಿ ಮರಿ ಸಿದ್ಧ. ಆಗರದ ಸಿಸ್ಟ್ ಕೊಂಡ ವರ್ಷ ಅರ್ಧವೂ ಒಡೆಯಲಿಲ್ಲ. ಸಿಗಡಿ ಲಾರ್ವಾ ಹಸಿದವು, ಒಂದು ಇಡೀ ಟ್ಯಾಂಕು ಹೋಯಿತು. ಮಳೆಗೆ ಮುಂಚೆ ಬಾಚಬೇಕೆಂಬುದು ತಿಳಿಯದವರು ಗುತ್ತಿಗೆದಾರನನ್ನು ಬೈಯುತ್ತಾರೆ.

ಬದು ಕಟ್ಟಿದವ: ಮಾರಾಯರೇ, ಬಾಚುವ ಹೊತ್ತಿಗೆ ನೀವು ಬಂದು ಬಲೆ ಹಿಡಿದಿದ್ದಿರಾ?

ಯೂಟಾದಲ್ಲಿರುವ ಕನ್ನಡಿಗ: ನಮ್ಮ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್‌ನಲ್ಲಿ ಯಾರೂ ಸಾಕುವುದಿಲ್ಲ, ತಾನಾಗಿ ಬೆಳೆದದ್ದನ್ನು ಬಾಚುತ್ತಾರೆ. ಅಕ್ಟೋಬರ್ 1ರಿಂದ ಜನವರಿ ಕೊನೆಯವರೆಗೆ ದೋಣಿಗಳು ಓಡಾಡುತ್ತವೆ. ಲೀಟರಿಗೆ 21 ಸಿಸ್ಟ್‌ಗಿಂತ ಕಡಿಮೆಯಾದರೆ ಬಾಚುವಿಕೆ ನಿಲ್ಲಿಸುತ್ತಾರೆ, ಮುಂದಿನ ವರ್ಷಕ್ಕೆ ಬೀಜ ಉಳಿಯಲಿ ಎಂದು. 1959ರ ರೈಲು ದಿಬ್ಬ ಕೆರೆಯನ್ನು ಇಬ್ಭಾಗ ಮಾಡಿದೆ. ಉತ್ತರ ಭಾಗದ ಉಪ್ಪು ಆರ್ಟೀಮಿಯಾಕ್ಕೂ ವಿಪರೀತ. 2022ರಲ್ಲಿ ಮಟ್ಟ ದಾಖಲೆಯ ಕನಿಷ್ಠಕ್ಕೆ ಇಳಿದು ದಕ್ಷಿಣದಲ್ಲೂ ಸುಮಾರು ಶೇಕಡಾ 19 ಉಪ್ಪಾಯಿತು. ಆಗ ಉತ್ತರದ ಉಪ್ಪುನೀರು ದಕ್ಷಿಣಕ್ಕೆ ಬರದಂತೆ ದಿಬ್ಬದ ಕಿಂಡಿಯ ತಡೆಯನ್ನು ಎತ್ತರಿಸಿದರು. ಉಪ್ಪೇರಿದರೆ ಒಳ್ಳೆಯದೆಂದು ಹೇಳುವವರು ಮೊದಲು ಆ ಕೆರೆ ನೋಡಲಿ.

ಉಪ್ಪು ಬೆಳೆಯುವವ: ನಿಮ್ಮ ಕೆರೆ ಕಥೆ ನಮಗೇಕೆ? ಆರ್ಟೀಮಿಯಾ ನಮ್ಮ ಹೊಂಡದ ಪಾಚಿ ತಿನ್ನುತ್ತದೆ, ಉಪ್ಪು ಬೆಳ್ಳಗೆ ಬರುತ್ತದೆ. ಸಿಸ್ಟ್ ಮಾರಿ ಬಂದದ್ದು ಕೂಲಿಗೆ ಸರಿಹೋಯಿತು, ಉಪ್ಪಿನ ದರ್ಜೆಯಿಂದ ಲಾಭ ಕಂಡೆ. ವಿಯೆಟ್ನಾಮಿನ ವಿನ್ ಚೌನಲ್ಲೂ ಬೇಸಿಗೆಯಲ್ಲಿ ಉಪ್ಪಿನ ಹೊಂಡಗಳಲ್ಲೇ ಇದನ್ನು ಬೆಳೆಯುತ್ತಾರೆ.

ಮೀನುಗಾರಿಕೆ ಓದಿದವಳು: ವಿಯೆಟ್ನಾಮಿನಲ್ಲಿ ಬೆಳೆಯುವುದು ಅಮೆರಿಕದ ಫ್ರಾನ್ಸಿಸ್ಕಾನಾ ತಳಿ. ತೂತ್ತುಕುಡಿಗೆ ಮೂಲತಃ ಸೇರಿದ್ದು ಗಂಡಿಲ್ಲದೆ ಸಂತತಿ ನಡೆಸುವ ತಳಿ. ಅಮೆರಿಕದ್ದನ್ನು ಹೊಂಡಕ್ಕೆ ಸುರಿದರೆ ಇದು ಮಾಯವಾಗುತ್ತದೆ. ಆಮದು ಡಬ್ಬಿಯ ಬೀಜ ಬಿತ್ತಿದವರು ಯಾರೆಂದು ಮೇಲಿನವರು ಬಾಯಿಬಿಡಲಿ.

ಬದು ಕಟ್ಟಿದವ: ನನ್ನನ್ನೇ ಹೇಳುತ್ತಿದ್ದೀರಾ? ಡಬ್ಬಿಗೆ 4,200 ಕೊಟ್ಟು ತಂದದ್ದು, ಕದ್ದದ್ದಲ್ಲ.

ಹ್ಯಾಚರಿ ನಡೆಸುವವ: 4,200? ಯಾವ ಅಂಗಡಿ? ನಿಮಗೆ ಅವಧಿ ಮೀರಿದ ಡಬ್ಬಿ ಕಟ್ಟಿದ್ದಾರೆ ಸ್ವಾಮಿ, ರಸೀದಿ ಹಾಕಿ.