ಕಾರ್ಲೆಯ ಎಡಗಡೆ ಗೋಡೆ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಲೋಣಾವಳ ಹತ್ತಿರದ ಕಾರ್ಲೆಗೆ ಹೊರಟಿದ್ದೀಯ, ಏಕವೀರಾ ದೇವಿ ದರ್ಶನ ಆದ ಮೇಲೆ ಗುಹೆಯನ್ನೂ ನೋಡಬೇಕಾ ಅಂತ ಕೇಳಿದ್ದೀಯ. ನೋಡಲೇಬೇಕು ಮಾರಾಯ. ದೇವಸ್ಥಾನ ಇರುವುದೇ ಗುಹೆಯ ಬಾಗಿಲ ಪಕ್ಕ. ಆದರೂ ತುಂಬ ಜನ ದರ್ಶನ ಮುಗಿಸಿ ಹಾಗೇ ಮೆಟ್ಟಿಲು ಇಳಿದುಬಿಡುತ್ತಾರೆ. ಪುಣೆಗೆ ಬಂದ ಹೊಸದರಲ್ಲಿ ನಾನೂ ಎರಡು ಸಲ ಹಾಗೇ ಮಾಡಿದ್ದೆ.

ಮೂರನೇ ಸಲ ನಿನ್ನ ಅಜ್ಜಿ ಜೊತೆಗಿದ್ದರು. ಅಷ್ಟರಲ್ಲಿ ಅಲ್ಲಿಯ ಶಾಸನದ ಬಗ್ಗೆ ಓದಿಕೊಂಡಿದ್ದೆ. ದೊಡ್ಡ ಚೈತ್ಯದ, ಅಂದರೆ ಬೌದ್ಧರ ಪ್ರಾರ್ಥನೆಯ ಗುಹೆಯ, ಒಳಗೆ ಹೋಗುವ ಮುಂಚೆ ಜಗಲಿ ಇದೆಯಲ್ಲ, ಅದರ ಎಡ ತುದಿಯಲ್ಲಿ ಬ್ರಾಹ್ಮಿ ಅಕ್ಷರ ಕೆತ್ತಿದ್ದಾರೆ. ಭಾಷೆ ಪ್ರಾಕೃತ. ವೈಜಯಂತಿಯ ಸೆಟ್ಠಿ ಭೂತಪಾಲ ಈ ಕಲ್ಲಿನ ಮನೆ ಮಾಡಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮ ಅಂತ ಬರೆದಿದೆ. ವೈಜಯಂತಿ ಅಂದರೆ ಯಾವ ಊರು ಗೊತ್ತಾ? ನಮ್ಮ ಬನವಾಸಿ! ಕದಂಬರಿಗಿಂತ ಮುಂಚೆ, ಸುಮಾರು 2000 ವರ್ಷದ ಹಿಂದಿನ ಮಾತು. ಆಗಲೇ ನಮ್ಮ ಕಡೆಯ ಶೆಟ್ಟರೊಬ್ಬರ ಹೆಸರು ಇಲ್ಲಿಯ ಗುಡ್ಡದ ಮೇಲಿದೆ. ಘಟ್ಟ ಇಳಿದು ಕಲ್ಯಾಣ, ಸೋಪಾರದ ಬಂದರಿಗೆ ಹೋಗುವ ದಾರಿ ಅದು, ವ್ಯಾಪಾರಿಗಳು ಓಡಾಡುತ್ತಿದ್ದರು. ಒಳಗಿನ ಕೆಲವು ಕಂಬಗಳ ಮೇಲೆ ಯವನರ, ಅಂದರೆ ಗ್ರೀಕ್ ಕಡೆಯವರ, ಹೆಸರೂ ಇದೆ.

ಅಜ್ಜಿಗೆ ಇದನ್ನು ಹೇಳಿದೆ. "ನಮ್ಮ ಬನವಾಸಿಯವರಾ?" ಅಂತ ಎರಡು ಸಲ ಕೇಳಿದರು. ಶಿರಸಿ ಬಿಟ್ಟು ಇಲ್ಲಿಗೆ ಬಂದ ಮೇಲೆ ಇದು ಪರರ ಊರು ಅಂತಲೇ ಅನ್ನುತ್ತಿದ್ದವರು ಆ ಗೋಡೆಗೆ ಕೈಮುಗಿದರು. ನನಗೆ ಮಾತೇ ಹೊರಡಲಿಲ್ಲ.

ಒಳಗೆ ಹೋದ ಮೇಲೆ ಮಕ್ಕಳಿಗೆ ತಲೆ ಎತ್ತಿ ನೋಡೋಕೆ ಹೇಳು. ಮೇಲಿನ ಕಮಾನುಗಳು ಮರದವು, ಆಗಿನವೇ. ಸ್ತೂಪದ ಮೇಲಿನ ಕೊಡೆಯೂ ಮರದ್ದೇ. ಇಷ್ಟು ಮಳೆ ಸುರಿಯುವ ಜಾಗದಲ್ಲಿ ಅದು ಉಳಿದಿದೆ ಅಂದರೆ ನಂಬೋಕೆ ಆಗಲ್ಲ, ಅಲ್ವಾ? ಕಂಬ ಒಟ್ಟು 37, ಚಿಕ್ಕವನು ಎಣಿಸಲಿ. ಬಾಗಿಲು ಪಡುವಣಕ್ಕಿದೆ, ಹಾಗಾಗಿ ಮಧ್ಯಾಹ್ನದ ಮೇಲೆ ಹೋಗು, ಬೆಳಕು ಒಳಗೆ ಬರುತ್ತದೆ. ಲೋಕಲ್‌ನಲ್ಲಿ ಬಂದರೆ ಮಳವ್ಲಿಯಲ್ಲಿ ಇಳಿ, ಅಲ್ಲಿಂದ ರಿಕ್ಷಾ ಮಾಡಿಕೊ. ಭಾನುವಾರ ರಶ್ ಜಾಸ್ತಿ, ನೀರು ಜೊತೆಗಿರಲಿ.

ಆ ಅಕ್ಷರಗಳನ್ನು ಮುಟ್ಟೋಕೆ ಬಿಡಬೇಡ. ಫೋಟೋ ಮಾತ್ರ ತೆಗೆದು ಗ್ರೂಪಿಗೆ ಹಾಕು. ಅಜ್ಜಿಗೆ ಈಗ ಮೆಟ್ಟಿಲು ಹತ್ತೋಕೆ ಆಗಲ್ಲ, ತೋರಿಸ್ತೀನಿ.