ಅಪ್‌ಡೇಟ್: ಅಂಟಿಕೊಂಡಿದ್ದ ಪೊರೆ ಕಳಚಿತು

ಮಡಿಕೇರಿಯ ಚಳಿಗೆಂದು ಇಟ್ಟಿದ್ದ ಹೀಟಿಂಗ್ ಮ್ಯಾಟ್‌ನಿಂದ ಗೂಡಿನ ಗಾಳಿ ಒಣಗಿ, ನಮ್ಮ ಕಾರ್ನ್ ಸ್ನೇಕ್‌ನ ಪೊರೆ ಚೂರುಚೂರಾಗಿ ಹರಿದು ಬಾಲದ ತುದಿಯಲ್ಲೂ ಎಡಗಣ್ಣಿನ ಮೇಲೂ ಉಳಿದುಕೊಂಡಿದೆ, ಎಳೆದು ತೆಗೆಯಬಹುದೇ ಎಂದು ಹೋದ ವಾರ ಕೇಳಿದ್ದೆ. ಎಳೆಯಬೇಡಿ ಎಂದು ತಡೆದವರಿಗೆ ನಾನು ನಿಜಕ್ಕೂ ಋಣಿ. ತೂತು ಕೊರೆದ ಡಬ್ಬಿಯಲ್ಲಿ ಒದ್ದೆ ಪಾಚಿ ಹಾಸಿ ಗೂಡಿನೊಳಗಿಟ್ಟೆ. ದಿನಕ್ಕೊಮ್ಮೆ 20 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟು, ಬಳಿಕ ಒದ್ದೆ ಟವೆಲ್ಲಿನ ಮಡಿಕೆಗಳ ನಡುವೆ ತಾನಾಗಿಯೇ ಹರಿದಾಡಲು ಬಿಟ್ಟೆ. ಮೂರನೆಯ ದಿನ ಬಾಲದ ಪೊರೆ ಉಂಗುರದಂತೆ ಜಾರಿತು. ಅದು ಹಾಗೆಯೇ ಬಿಗಿದುಕೊಂಡಿದ್ದರೆ ರಕ್ತಸಂಚಾರ ನಿಂತು ತುದಿಯೇ ಉದುರಬಹುದಿತ್ತು. ಕಣ್ಣಿನದನ್ನು ಮುಟ್ಟಲೇ ಇಲ್ಲ. ನಿನ್ನೆ ಬೆಳಿಗ್ಗೆ ಪಾಚಿಯ ಮೇಲೆ ಮಸೂರದಂತೆ ಬಾಗಿದ, ಸಾಸಿವೆಗಿಂತ ತುಸು ದೊಡ್ಡದಾದ ಪಾರದರ್ಶಕ ಬಿಲ್ಲೆಯೊಂದು ಸಿಕ್ಕಿತು. ಎಡಗಣ್ಣು ಈಗ ಬಲಗಣ್ಣಿನಷ್ಟೇ ತಿಳಿಯಾಗಿದೆ.