ಗದುಗಿನ ಭಾರತ ಎಲ್ಲಿಂದ ಹಿಡೀಬೇಕ್ರಿ? ಮತ್ತ ನೀವೆಲ್ಲಾ ಈಗ ಏನ್ ಓದಾಕತ್ತೀರಿ?

ಉಣಕಲ್ ಹುಡುಗಿ (ಹುಬ್ಬಳ್ಳಿ):

ಎಲ್ಲಾರಿಗೂ ನಮಸ್ಕಾರ್ರಿ. ಭಾಳ ದಿನ ಆತು ಇಲ್ಲೆ ಪುಸ್ತಕದ ಮಾತ ಬಂದಿಲ್ಲ, ಬರೇ ಮಳಿ, ಕರೆಂಟು, ಸಾಲಿ ಫೀ ಇದ ನಡದೈತಿ, ಅದಕ್ಕ ನಾನ ಶುರು ಮಾಡಾಕತ್ತೇನಿ. ನಾ ದಿನಾ ಚಿಗರಿ ಬಸ್ಸಿಗೆ ಧಾರವಾಡಕ್ಕ ಡ್ಯೂಟಿಗೆ ಹೋಗಾಕಿ, ಸೀಟ್ ಸಿಕ್ರ ಓದೂದು, ಸಿಗಲಿಲ್ಲಂದ್ರ ಹಿಡಿಕಿ ಹಿಡಕೊಂಡು ನಿಂದರೂದು. ಹಂಗ ಓದಕೋತನ ಗಿರೀಶ ಕಾರ್ನಾಡರ ಆತ್ಮಕತಿ 'ಆಡಾಡತ ಆಯುಷ್ಯ' ಮುಗಿಸಿದ್ನಿ. ಎಷ್ಟ್ ಚಲೋ ಬರದಾರ ಅಂತೀರಿ! ಶಿರಸಿ, ಆಮ್ಯಾಲ ಧಾರವಾಡ, ಕರ್ನಾಟಕ ಕಾಲೇಜು, ಪುಸ್ತಕ ಪ್ರಕಟಿಸೂ ಮನೋಹರ ಗ್ರಂಥಮಾಲಾದ ಅಟ್ಟ ಎಲ್ಲಾ ಬರ್ತಾವ ಅದರಾಗ. ಅವರ ಮೊದಲನೇ ನಾಟಕ 'ಯಯಾತಿ' 1961ರಾಗ ಗ್ರಂಥಮಾಲಾದವರ ಹೊರಗ ತಂದಿದ್ದು. ಓದಿದ ಮ್ಯಾಲ ಆ ಅಟ್ಟ ಇರೂ ಸುಭಾಸ ರೋಡಿನ್ಯಾಗ ಹಾದು ಹೋಗುವಾಗ ಒಮ್ಮಿ ಮ್ಯಾಲ ನೋಡದ ಮುಂದ ಹೋಗಾಕ ಮನಸ ಬರಂಗಿಲ್ಲ.

ಈಗ ಅಸಲಿ ಪ್ರಶ್ನೆ. ನಮ್ಮವ್ವಗ ಕಣ್ಣಿನ ಪೊರಿ ತಗಸೇವ್ರಿ, ಸದ್ಯಕ್ಕ ಸಣ್ಣ ಅಕ್ಷರ ಓದಬ್ಯಾಡ್ರಿ ಅಂದಾರ ಡಾಕ್ಟರು. ಟೀವಿ ಅಂದ್ರ ಅಕಿಗೆ ಬ್ಯಾಸರ. "ಅಜ್ಜಾರ ಭಾರತ ತಗದ ಓದವಾ, ಕೇಳತೇನಿ" ಅಂತ ಒಂದ ಸವನ ಹತ್ಯಾಳ. ಅಜ್ಜನ ಟ್ರಂಕಿನ್ಯಾಗ ಕುಮಾರವ್ಯಾಸ ಭಾರತ ಐತಿ, ಗದುಗಿನ ಭಾರತ ಅಂತಾರಲ್ಲ ಅದ, ಕುವೆಂಪು ಮತ್ತ ಮಾಸ್ತಿಯವರು ಸಂಪಾದನೆ ಮಾಡಿದ್ದು, ಬೈಂಡ್ ಬಿಚ್ಚಿ ಹಾಳಿ ಬ್ಯಾರೆ ಬ್ಯಾರೆ ಆಗ್ಯಾವ, ನಡುವ ಯಾರೋ ಕರೇ ದಾರ ಹಾಕಿ ಹೊಲದಾರ. ರಾತ್ರಿ ಊಟ ಆದ ಮ್ಯಾಲ ಪೀಠಿಕಾ ಸಂಧಿ (ಮೊದಲನೇ ಅಧ್ಯಾಯ) ತಗದು ಕುಂತ್ನಿ, ಆದ್ರ ಪದ ಎಲ್ಲಿ ಮುಗೀತೈತಿ ಎಲ್ಲಿ ಶುರು ಆಗತೈತಿ ಅನ್ನೂದ ತಿಳಿವಲ್ದು. ಅವ್ವ ಅಂತೂ ಸುಮ್ನ ಕೇಳಕೋತ ಕುಂತಿದ್ಲು. ಮೊದಲಿಂದನ ಓದಬೇಕೋ, ನಡುವಿನ ಯಾವದರ ಪರ್ವ ಹಿಡೀಬೇಕೋ? ಗದ್ಯದಾಗ ಬರದ ಪುಸ್ತಕ ಒಂದ ಮೊದ್ಲ ಓದಕೊಳ್ಳಬೇಕಾ? ದಿನಕ್ಕ ಅರ್ಧಾ ತಾಸು ಸಿಗತೈತಿ ಅಷ್ಟ. ಓದಿದವರು ದಯಮಾಡಿ ಹೇಳ್ರಿ. ಜೋಡೀಲೆ ನೀವೇನ್ ಓದಾಕತ್ತೀರಿ ಅದನ್ನೂ ಬರೀರಿ.

ಬೆಟಗೇರಿ ಮಾಸ್ತರ (ಗದಗ):

ತಂಗೀ, ನಿಮ್ಮ ಪ್ರಶ್ನೆ ನೋಡಿ ಭಾಳ ಖುಷಿ ಆತು. ನಾ ಸಾಲಿ ಮಾಸ್ತರಕಿ ಮಾಡಿ ರಿಟೈರ್ ಆದಾವ, ಈಗ ಸಂಜೀಕ ವೀರನಾರಾಯಣ ಗುಡಿ ತನಕ ವಾಕಿಂಗ್ ಹೋಗೂದು, ಬರೂದು. ಕುಮಾರವ್ಯಾಸ ಕುಂತು ಬರದ ಅಂತ ಹೇಳೂ ಕಂಬ ಆ ಗುಡಿ ಒಳಗನ ಐತಿ. ಸ್ನಾನ ಮಾಡಿ ಒದ್ದಿ ಬಟ್ಟಿಲೆ ಬಂದು ಕುಂಡ್ರತಿದ್ದ, ಬಟ್ಟಿ ಆರೂ ತನಕ ಪದ್ಯ ಹರೀತಿದ್ವು ಅಂತ ನಮ್ಮೂರ ಹಿರ್ಯಾರು ಹೇಳೂ ಕತಿ. ಕವಿ ಹುಟ್ಟಿದ ಊರು ಕೋಳಿವಾಡ, ಅಂದ್ರ ನಿಮ್ಮ ಹುಬ್ಬಳ್ಳಿ ತಾಲೂಕಿನವನ. ನಾರಣಪ್ಪ (ಕುಮಾರವ್ಯಾಸನ ಖರೇ ಹೆಸರು) ನಿಮಗ ದೂರದಾವ ಅಲ್ಲ.

ಈಗ ಓದೂ ರೀತಿ ಹೇಳತೇನಿ, ಇದು ಒಂದ ತಿಳದ್ರ ಅರ್ಧಾ ಕೆಲಸ ಆತು. ಇಡೀ ಭಾರತ ಭಾಮಿನಿ ಷಟ್ಪದಿ ಒಳಗ ಐತಿ. ಒಂದ ಪದ್ಯಕ್ಕ ಆರ ಸಾಲು. 1, 2, 4, 5ನೇ ಸಾಲಿನ್ಯಾಗ ಮೂರು-ನಾಕು-ಮೂರು-ನಾಕು, ಒಟ್ಟ 14 ಮಾತ್ರಿ (ಗಿಡ್ಡ ಅಕ್ಷರಕ್ಕ ಒಂದು, ಉದ್ದ ಅಕ್ಷರಕ್ಕ ಎರಡು ಅಂತ ಎಣಸೂ ಅಳತಿ). 3 ಮತ್ತ 6ನೇ ಸಾಲು ಉದ್ದ, ಅಲ್ಲೆ ಮೂರು-ನಾಕು ಮೂರ ಸಲ ಬಂದು ಕಡೀಕ ಒಂದು ಗುರು (ಎರಡ ಮಾತ್ರಿ ಅಕ್ಷರ), ಅಲ್ಲಿಗೆ 23. ಪೀಠಿಕಾ ಸಂಧಿಯೊಳಗ "ಪರಮ ವೇದದ ಸಾರ ಯೋಗೀ" ಅಂತ ಒಂದ ಸಾಲ ಐತಿ ನೋಡ್ರಿ. ತೊಡಿ ಮ್ಯಾಲ ತಾಳ ಹಾಕಕೋತ ಅನ್ರಿ: ಪರಮ, ವೇದದ, ಸಾರ, ಯೋಗೀ. ಬಂತಲ್ಲ ಮೂರು-ನಾಕು? ಆದ್ರ ಅಲ್ಲೆ ನಿಂತ್ರ ಅರ್ಥ ಕೆಡತೈತಿ, ಯಾಕಂದ್ರ ಮುಂದಿನ ಸಾಲು "ಶ್ವರರ ತತ್ವವಿಚಾರ" ಅಂತ ಶುರು ಆಗತೈತಿ. ಯೋಗೀಶ್ವರರ ಅನ್ನೋ ಒಂದ ಪದ ಎರಡ ಸಾಲಿನ್ಯಾಗ ಹೋಳಾಗೇತಿ. ನೀವು ಎಡವಿದ್ದು ಇಲ್ಲೇನ, ಹೊಸದಾಗಿ ಓದಾವ್ರೆಲ್ಲಾ ಇಲ್ಲೆ ನಿಲ್ತಾರ. ಕಣ್ಣು ಸಾಲಿನ ತುದಿಗೆ ನಿಂದರತೈತಿ, ಮಾತು ಮುಂದಿನ ಸಾಲಿಗೆ ಹೋಗಿರತೈತಿ.

ಅದಕ್ಕ ಒಂದ ಪದ್ಯ ಎರಡ ಸಲ ಓದ್ರಿ. ಮೊದಲನೇ ಸಲ ಬರೇ ತಾಳಕ್ಕ, ಅರ್ಥದ ಗೋಜಿಗೆ ಹೋಗಬ್ಯಾಡ್ರಿ. ಎರಡನೇ ಸಲ ಪದಾ ಬಿಡಿಸಿ, ಮಾತಾಡಿದಂಗ, ಎಲ್ಲಿ ಮಾತು ನಿಂದರತೈತೋ ಅಲ್ಲೆ ನಿಂತು. ಗಮಕಿಗಳೂ (ಕಾವ್ಯಾನ ರಾಗದಾಗ ಓದಾವ್ರು) ಹಿಂಗ ಪದ ಬಿಡಿಸಿನ ಹಾಡತಾರ, ನಮಗ ರಾಗ ಬರದಿದ್ರೂ ನಡೀತೈತಿ, ಆದ್ರ ಬಾಯಿ ಬಿಟ್ಟು ಓದಬೇಕು. ಮನಸಿನ್ಯಾಗ ಓದಾಕ ಬರದದ್ದಲ್ಲ ಅದು. ಎರಡನೇ ಅಕ್ಷರದ ಪ್ರಾಸ ಕೇಳ್ರಿ, ಅರಸು (ಅದರ ಹಿಂದಿನ ಸಾಲು ಹಿಂಗ ಶುರು ಆಗತೈತಿ), ಪರಮ, ಶ್ವರರ, ಪ್ರತಿ ಸಾಲಿಗೂ 'ರ' ಬಂದು ಕಿವಿ ಹಿಡೀತೈತಿ. ನಿಮ್ಮವ್ವಾರು ಸುಮ್ನ ಕೇಳಕೋತ ಕುಂತಿದ್ರು ಅಂದ್ರಲ್ಲ, ಅವರ ಕಿವಿಗೆ ಅದು ಮುಟ್ಟಿರತೈತಿ.

ಮೊದಲಿಂದನ ಓದಬೇಕು ಅಂತೇನಿಲ್ಲ. ಕವಿ ಬರದದ್ದು ಆದಿಪರ್ವದಿಂದ ಗದಾಪರ್ವದ ತನಕ ಹತ್ತು ಪರ್ವ, ದಿನಾ ಅರ್ಧಾ ತಾಸಿನ್ಯಾಗ ಅದು ವರ್ಷಗಟ್ಲೆ ಹಿಡೀತೈತಿ. ವಿರಾಟಪರ್ವ ಹಿಡೀರಿ. ಅದರಾಗ ಉತ್ತರಕುಮಾರ ಹೆಣ್ಮಕ್ಕಳ ಮುಂದ ಕೊಚ್ಚಗೊಳ್ಳೂದು, ಕೌರವರ ಸೈನ್ಯ ಕಂಡಕೂಡ್ಲೆ ರಥದಿಂದ ಜಿಗದು ಓಡೂದು, ಬೃಹನ್ನಳೆ ವೇಷದ ಅರ್ಜುನ ಬೆನ್ನ ಹತ್ತಿ ಹಿಡಕೊಂಡ ಬರೂದು, ಸಣ್ಣ ಹುಡುಗ್ರೂ ನಗತಾರ. ಆಮ್ಯಾಲ ಉದ್ಯೋಗಪರ್ವ. ಕೃಷ್ಣ ಕರ್ಣನ್ನ ರಥದಾಗ ಕುಂಡ್ರಿಸಿಕೊಂಡು ಹುಟ್ಟಿನ ಗುಟ್ಟ ಹೇಳೂ ಜಾಗ ಬಂದಾಗ ಅವಸರ ಮಾಡಬ್ಯಾಡ್ರಿ, ಅವತ್ತ ಅದೊಂದ ಓದಿ ಬಿಡ್ರಿ.

ಸಪ್ತಾಪುರ ರೂಮ್ (ಧಾರವಾಡ):

ಮಾಸ್ತರ್ ಸರ್, ನಿಮ್ಮ ತಾಳದ ಮಾತು ಚಲೋ ಐತ್ರಿ, ಆದ್ರ ಒಂದಕ್ಕ ನಾ ಒಪ್ಪಂಗಿಲ್ಲ. ಅಕ್ಕಾರು ಗದ್ಯದ ಬಗ್ಗೆ ಕೇಳಿದ್ದಕ್ಕ ಏನೂ ಹೇಳದ, ಗದ್ಯ ಬ್ಯಾಡ ಅನ್ನೋ ಹಂಗ ಬರದೀರಿ. ನಾನು ಕೆಎಎಸ್ ತಯಾರಿ ಮಾಡಾವ, ಬೆಳಿಗ್ಗೆ ಎದ್ರ ರೀಡಿಂಗ್ ರೂಮು, ಮಧ್ಯಾಹ್ನ ಮೆಸ್ಸು, ಮತ್ತ ರೀಡಿಂಗ್ ರೂಮು, ರಾತ್ರಿ ರೂಮ್‌ಮೇಟ್ ಜೋಡಿ ಒಂದ ಚಹಾ, ಹಿಂಗ ನಡದೈತಿ ಜೀವನ. ನಮ್ಮಂಥವರಿಗೆ ಕತಿ ಮೊದ್ಲ ತಿಳದಿದ್ರ ಪದ್ಯದ ಮ್ಯಾಲ ಪ್ರೀತಿ ಬರತೈತಿ, ಇಲ್ಲಂದ್ರ ಅರ್ಥ ಹುಡುಕೋದ್ರಾಗನ ಅರ್ಧಾ ತಾಸು ಮುಗದ ಹೋಗಿರತೈತಿ. ಅಕ್ಕಾರ, ಅವತ್ತ ಓದೂ ಸಂಧಿಯ ಕತಿ ಬಸ್ಸಿನ್ಯಾಗ ಗದ್ಯದಾಗ ಓದಕೊಂಡ ಹೋಗ್ರಿ, ರಾತ್ರಿ ಪದ್ಯ ಓದ್ರಿ. ಅವ್ವಾರು ನಡುವ ಏನರ ಕೇಳಿದ್ರ ಹೇಳಾಕೂ ಬರತೈತಿ.

ಜೋರಾಗಿ ಓದೂದಕ್ಕ ಮಾತ್ರ ಪೂರ್ತಿ ಒಪ್ಪತೇನಿ. ಸಿಲಬಸ್ ಬಿಟ್ಟು ನಾ ಈಗ ಓದಾಕತ್ತಿದ್ದು ಬೇಂದ್ರೆಯವರನ್ನ. 'ನಾಕುತಂತಿ' 1964ರಾಗ ಬಂದಿದ್ದು, ಅದಕ್ಕ 1973ರ ಜ್ಞಾನಪೀಠ, ಇದೆಲ್ಲಾ ಎಂಸಿಕ್ಯೂಗೆ ಬಾಯಿಪಾಠ ಆಗಿತ್ತು, ಆದ್ರ ಪುಸ್ತಕ ಮಾತ್ರ ತೆರದಿರಲಿಲ್ಲ. ರೀಡಿಂಗ್ ರೂಮಿನ್ಯಾಗ ಸದ್ದ ಮಾಡಂಗಿಲ್ಲಲ್ಲ, ಅಲ್ಲೆ ಓದಿದ್ರ ಏನೂ ತಲಿಗೆ ಹೋಗಲಿಲ್ಲ. ಒಂದ ಐತವಾರ ಸಾಧನಕೇರಿಗೆ ಹೋಗಿ, ಬೇಂದ್ರೆ ಭವನ ನೋಡಿ, ಕೆರಿ ದಂಡಿ ಮ್ಯಾಲ ಕುಂತು ದೋಸ್ತ ಓದಿದ ನಾ ಕೇಳಿದ್ನಿ, ಆಮ್ಯಾಲ ನಾ ಓದಿದ್ನಿ ಅವ ಕೇಳಿದ. ನಾವು ದಿನಾ ಆಡೂ ಮಾತ ಅವು, ನಮ್ಮ ಅಜ್ಜಿ ಮಾತಾಡಿದಂಗ ಐತಿ ಎಷ್ಟೋ ಕಡೆ. 1896ರಾಗ ಇದ ಧಾರವಾಡದಾಗ ಹುಟ್ಟಿದ ಮನಶಾ, ಇದ ಬೀದಿ ಮಾತನ್ನ ಎಲ್ಲಿಗೆ ಒಯ್ದಾರ! ಪರೀಕ್ಷಾ ಆಗಲಿ ಬಿಡಲಿ, ಇದನ್ನ ನಾ ಬಿಡಂಗಿಲ್ಲ.

ಬ್ಯಾಡಗಿ ಕಡೆಯವ (ಹಾವೇರಿ):

ನಮಸ್ಕಾರ ಎಲ್ಲಾರಿಗೂ. ಮಾಸ್ತರ್ರ, ವಿರಾಟಪರ್ವದ ಹೆಸರ ತಗದೀರಿ, ಈಗ ಸರಿಯಾದ ಟೈಮ್ ನೋಡ್ರಿ ಅದಕ್ಕ. ರೋಹಿಣಿ ಕೈ ಕೊಟ್ಟ ಹೋತು, ಮಿರಗ ಕೂಡಿದ್ರೂ ನಮ್ಮ ಕಡೆ ನಾಕ ಹನಿ ಉದರಿ ಹೋಗೇತಿ ಅಷ್ಟ, ಗೋವಿನಜೋಳದ ಬೀಜ ಗೊಬ್ಬರ ತಂದ ಇಟ್ಟು ಮುಗಲ ನೋಡಕೋತ ಕುಂತೇವಿ. ಮಳಿ ಹೋದ್ರ ವಿರಾಟಪರ್ವ ಓದಸಬೇಕು ಅನ್ನೂದು ಹಳೇ ಪದ್ಧತಿ. ನಮ್ಮಪ್ಪನ ಕಾಲದಾಗ ಹನಮಪ್ಪನ ಗುಡಿ ಕಟ್ಟಿ ಮ್ಯಾಲ ಕಂದೀಲ ಇಟ್ಟು ಒಬ್ಬಾವ ಓದಾವ, ಇನ್ನೊಬ್ಬಾವ ಅರ್ಥ ಹೇಳಾವ, ಊರ ಮಂದಿ ಕೇಳಾವ್ರು. ಅಂದ್ರ ಸರ್ ಹೇಳಿದ ಪದ್ಯಾನೂ ಇತ್ತು, ಸಪ್ತಾಪುರದ ತಮ್ಮ ಹೇಳೂ ಗದ್ಯಾನೂ ಇತ್ತು, ಎರಡೂ ಒಂದ ಕಟ್ಟಿ ಮ್ಯಾಲ. ಓದಿದ್ರ ಮಳಿ ಬರತೈತೋ ಬಿಡತೈತೋ ನಾ ವಾದಾ ಮಾಡಂಗಿಲ್ಲ, ಬಿತ್ತಿಗಿ ಇಲ್ಲದ ಕೈ ಕಟ್ಟಿ ಕುಂತಾಗ ಹತ್ತ ಮಂದಿ ಒಂದ ಕಡೆ ಕುಂತು ಕೇಳತಾರಲ್ಲ, ಅದರ ಬೆಲಿ ರೈತಗ ಗೊತ್ತೈತಿ. ಒಬ್ಬೊಬ್ಬರ ಮನ್ಯಾಗ ಕುಂತ್ರ ಬರೇ ಸಾಲದ ಲೆಕ್ಕ ತಲ್ಯಾಗ ತಿರಗತಿರತೈತಿ.

ನಾ ಓದೂದಕ್ಕಿಂತ ಹಾಡೂದ ಹೆಚ್ಚು. ಶಿಶುನಾಳ ಶರೀಫಜ್ಜಾರ ಪದ. 2023ರ ಜನವರಿಯಾಗ ಹಾವೇರಿಯೊಳಗ 86ನೇ ಸಾಹಿತ್ಯ ಸಮ್ಮೇಳನ ಆತಲ್ಲ, ಆವಾಗ ಪುಸ್ತಕದ ಮಳಿಗ್ಯಾಗ ತತ್ವಪದದ ಪುಸ್ತಕ ತಗೊಂಡಿದ್ನಿ, ಈಗ ಅದರ ಮೂಲಿ ಎಲ್ಲಾ ಮಡಚಿ ಹೋಗ್ಯಾವ ಅಷ್ಟ ತಿರವೇನಿ. ನಮ್ಮ ಭಜನಿ ಮೇಳದಾಗ ಅಮಾಸಿಗೊಮ್ಮಿ ಕೂಡತೇವಿ, ಹಾರ್ಮೋನಿ, ತಾಳ, ದಮ್ಮಡಿ ಇದ್ದರ ಸಾಕು. ಶರೀಫಜ್ಜ 1819ರಾಗ ಹುಟ್ಟಿದಾವ್ರು, ಗುರು ಕಳಸದ ಗೋವಿಂದ ಭಟ್ಟರು, ಒಬ್ಬರು ಮುಸಲ್ಮಾನರು ಒಬ್ಬರು ಬ್ರಾಹ್ಮಣರು, ಆ ಗುರು-ಶಿಷ್ಯರ ಕತಿ ನಮ್ಮ ಹಳ್ಳ್ಯಾಗ ಹುಡುಗ್ರಿಗೂ ಗೊತ್ತು. ಪದ ಮ್ಯಾಲ ಸಲೀಸ ಕಾಣತೈತಿ, ಮನಿ ಸೋರೂದು, ಬೀಸೂಕಲ್ಲು, ಬಿದಿರು, ಹಿಂತಾವ ಮಾತು. ಇಪ್ಪತ್ತ ಸಲ ಹಾಡಿದ ಮ್ಯಾಲ ಒಂದ ದಿನ ಹೊಲದಾಗ ಎಡಿ ಹೊಡಿಯುವಾಗ ಒಳಗಿನ ಮಾತು ತಾನ ಬಿಚ್ಚತೈತಿ.

ಅಕ್ಕಾರ, ನಿಮ್ಮವ್ವಾರಿಗೆ ಪದಾನೂ ಹಾಕಿ ಕೇಳಸ್ರಿ.

ಉಣಕಲ್ ಹುಡುಗಿ (ಹುಬ್ಬಳ್ಳಿ):

ಎಲ್ಲಾರಿಗೂ ಭಾಳ ಭಾಳ ಥ್ಯಾಂಕ್ಸ್ರಿ. ಸರ್ ಹೇಳಿದಂಗ ವಿರಾಟಪರ್ವ ಹಿಡದೇನಿ, ಸಪ್ತಾಪುರದ ತಮ್ಮ ಹೇಳಿದಂಗ ಕತಿ ಬಸ್ಸಿನ್ಯಾಗ ಓದಕೊಂಡ ಬರಾಕತ್ತೇನಿ, ನನಗ ಎರಡೂ ಬೇಕಾದ್ವು. ಮೊದಲನೇ ದಿನ ತಾಳ ಹಾಕಿ ಓದೂದು ಒಂದ ನಮೂನಿ ಅನಸ್ತು, ಮೂರನೇ ಸಾಲು ಉದ್ದ ಬಂದಾಗ ಉಸರ ಸಾಲತಿರಲಿಲ್ಲ. ಈಗ ಎರಡನೇ ಸಾಲು ಮುಗಿಯೂ ಹೊತ್ತಿಗೆ ಉಸರ ತಗೊಂಡ್ರ ಸಲೀಸ ಹೋಗತೈತಿ, ಯಾರರ ಹೊಸದಾಗಿ ಓದಾವ್ರಿದ್ರ ಇದನ್ನ ನೆನಪ ಇಟ್ಕೋರಿ.

ಅವ್ವ ಉತ್ತರಕುಮಾರ ಓಡೂ ಭಾಗಕ್ಕ ಎಷ್ಟ ನಕ್ಕಳಂದ್ರ ಕಣ್ಣಾಗ ನೀರ ಬರತಾವು ಸಾಕ ನಿಲ್ಲಸವಾ ಅಂದ್ಲು, ಡಾಕ್ಟರು ಕಣ್ಣ ತಿಕ್ಕಬ್ಯಾಡ ಅಂದಾರ ಅಂತ ನಾನೂ ನಿಲ್ಲಿಸಿದ್ನಿ. ಬಾಜೂ ಮನಿ ಕಾಕೂ ಮೊನ್ನೆಯಿಂದ ಬರಾಕತ್ಯಾರ, ರೊಟ್ಟಿ ಬಡದು ಮುಗಿಸಿ ಸೀದಾ ನಮ್ಮ ಪಡಸಾಲ್ಯಾಗ. ಅವರಿಗೆ ಸಾಲಿ ಓದು ಕಡಿಮಿ, ಆದ್ರ ನಾ ಪದ ತಪ್ಪ ಒಡದ್ರ ಅವರಿಗೆ ಕೂಡ್ಲೆ ತಿಳೀತೈತಿ, "ಹಂಗಲ್ಲವಾ, ಕೂಡಿಸಿ ಅನ್ನು" ಅಂತಾರ. ತಮ್ಮೂರಾಗ ಶ್ರಾವಣದಾಗ ಪುರಾಣ ಕೇಳಿ ಬೆಳದಾವ್ರಂತ.

ಒಂದ ಚಿಂತಿ ಐತಿ ಈಗ. ದಿನಾ ತಗದು ಹಾಕಿ ಪುಸ್ತಕ ಇನ್ನೂ ಹದಗೆಟ್ಟೈತಿ, ಕರೇ ದಾರಾನೂ ಹರೀತು. ಸೆಲೋಟೇಪ್ ಹಚ್ಚಲೇನು?

ಮಾಳಮಡ್ಡಿ ಅಕ್ಕ (ಧಾರವಾಡ):

ಸೆಲೋಟೇಪ್ ಖರೇನ ಬ್ಯಾಡವಾ! ನಾ ಗ್ರಂಥಾಲಯದಾಗ ಕೆಲಸ ಮಾಡಿದಾಕಿ, ಟೇಪ್ ಹಚ್ಚಿದ ಪುಸ್ತಕ ಎಷ್ಟ ನೋಡೇನಿ. ಕೆಲವು ವರ್ಷಕ್ಕ ಟೇಪು ಹಳದಿ ಆಗಿ ಉದರತೈತಿ, ಅದರ ಅಂಟು ಕಾಗದದಾಗ ಇಳದು ಅಕ್ಷರಾನೂ ಕಲೆ ಆಗತಾವ, ಆಮ್ಯಾಲ ಯಾರಿಗೂ ರಿಪೇರಿ ಮಾಡಾಕ ಬರಂಗಿಲ್ಲ. ಹರದ ಹಾಳಿಗೆ ತೆಳ್ಳಗಿನ ಕಾಗದದ ಪಟ್ಟಿ, ಮೈದಾ ಹಿಟ್ಟಿನ ಅಂಟು, ಇಷ್ಟ ಸಾಕು. ಅಂಟು ಕುದಸುವಾಗ ಹಳೇ ಬೈಂಡರಗೋಳು ಚೂರು ಮೈಲುತುತ್ತ ಹಾಕತಿದ್ರು, ಹುಳಾ ಹತ್ತಬಾರದಂತ, ಆದ್ರ ಅದು ವಿಷ, ನೀವು ಮನ್ಯಾಗ ಮಾಡೂದಾದ್ರ ಅದನ್ನ ಬಿಡ್ರಿ. ಹೊಲಿಗಿ ಮಾತ್ರ ಬೈಂಡರ ಕಡೆ ಕೊಡ್ರಿ, ಅಂಚು ಕತ್ತರಿಸಬ್ಯಾಡ್ರಿ ಅಂತ ಮೊದ್ಲ ಹೇಳ್ರಿ, ಮಷಿನ್‌ಗೆ ಹಾಕಿ ಅಂಚು ಹೊಡದ್ರ ಅಜ್ಜಾರು ಬದೀಗೆ ಏನರ ಬರದಿದ್ರ ಅದೂ ಹೋಗತೈತಿ.

ನಿಮ್ಮ ಕಾಕೂಗ ಶ್ರಾವಣದ ಪುರಾಣ ನೆನಪೈತಿ ಅಂದ್ರಲ್ಲ, ಚಾಮರಸನ 'ಪ್ರಭುಲಿಂಗಲೀಲೆ' ಕೇಳಿರಬಹುದೇನೋ, ವಿಚಾರಸ್ರಿ. ಅದೂ ಭಾಮಿನಿ ಷಟ್ಪದಿನ, 25 ಗತಿ (ಅಧ್ಯಾಯ), 1111 ಪದ್ಯ. ಭಾರತಕ್ಕಿಂತ ಭಾಳ ಸಣ್ಣದು, ನಿಮಗ ಈಗ ತಾಳ ಕೂಡೇತಿ, ಶ್ರಾವಣಕ್ಕ ಅದನ್ನ ಹಿಡದ್ರ ಕಾಕೂನ ಮುಂದಿನ ಸಾಲು ಹೇಳಿಕೊಟ್ಟಾರು. ಪುಸ್ತಕ ಬೈಂಡಿಗೆ ಕೊಟ್ಟಾಗ ಓದು ನಿಲ್ಲೂದು ಬ್ಯಾಡ, ನನ್ನ ಹತ್ರ ಭಾರತದ ಇನ್ನೊಂದ ಪ್ರತಿ ಐತಿ, ಅಕ್ಷರಾನೂ ದೊಡ್ಡವು. ಹೆಂಗೂ ದಿನಾ ಧಾರವಾಡಕ್ಕ ಬರತೀರಲ್ಲ, ಶನಿವಾರ ಡ್ಯೂಟಿ ಮುಗಿಸಿ ಮನಿಗೆ ಬಂದು ಒಯ್ರಿ.